ಕೊಟ್ಟೂರಿನಲ್ಲಿ ಕೊಂಡ ಟಿವಿ ಪೆಟ್ಟಿಗೆ

ನಮ್ಮ ಮನೆಗೆ ಪೊಲೀಸರು ಬಂದದ್ದು ಅಂಗೈ ಅಗಲದ ಒಂದು ಟಿವಿ ಪೆಟ್ಟಿಗೆಯ ದೆಸೆಯಿಂದ. ಇದನ್ನು ಹೇಳಿದರೆ ಕೇಳಿದವರು ಮೊದಲು ನಗುತ್ತಾರೆ. ಬೇರೆಯವರ ಮನೆಯ ಕತೆಯಾಗಿದ್ದರೆ ನಾನೂ ನಗುತ್ತಿದ್ದೆನೇನೋ. ಆದರೆ ಆ ಮಧ್ಯಾಹ್ನ ನಮ್ಮ ನಡುಮನೆಯಲ್ಲಿ ಕಿವಿಯಾರೆ ಕೇಳಿದ ಒಂದು ಮಾತು ನೆನಪಾದರೆ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ.

ಕೂಡ್ಲಿಗಿಯಲ್ಲಿ ನಮ್ಮದು ಔಷಧದ ಅಂಗಡಿ. ನನ್ನ ಗಂಡ, ನಾನು ಇಬ್ಬರೂ ಕೂರುತ್ತೇವೆ. ಅಂಗಡಿಯ ಬೆನ್ನಿಗೇ ಮನೆ. ಮನೆಯಲ್ಲಿ ನಾವಿಬ್ಬರು, ನನ್ನ ಅವ್ವ, ಮತ್ತೆ ನನ್ನ ಮೈದುನ. ನಮಗೆ ಮಕ್ಕಳಿಲ್ಲ. ಅತ್ತೆ, ಮಾವ ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಮೈದುನ ಇನ್ನೂ ಹೈಸ್ಕೂಲು ಮುಟ್ಟಿರಲಿಲ್ಲ. ನನ್ನ ಗಂಡನೇ ಅವನ ತಲೆ ಬಾಚಿ, ಬುತ್ತಿ ಕಟ್ಟಿ, ಶಾಲೆಗೆ ಕಳಿಸಿ ದೊಡ್ಡವನನ್ನಾಗಿ ಮಾಡಿದವರು. ಮದುವೆಯಾಗಿ ನಾನು ಬಂದಾಗ ಆ ಮನೆಯಲ್ಲಿ ಗಂಡನಿಗಿಂತ ಮೊದಲು ನನ್ನ ಜೊತೆ ಮಾತಾಡಿದವನು ಅವನೇ. ಈಗ ಅವನಿಗೆ ಮೂವತ್ತು ದಾಟಿದೆ. ಮಾಳಿಗೆ ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಎಲ್ಲೆಲ್ಲಿಯದೋ ಆಸ್ಪತ್ರೆಗಳ ಬಿಲ್ಲು ತಾಳೆ ನೋಡುವ ಕೆಲಸ ಮಾಡುತ್ತಾನೆ. ಬೆಳಿಗ್ಗೆ ಬಾಗಿಲು ಹಾಕಿಕೊಂಡರೆ ಊಟಕ್ಕೆ ಇಳಿದು ಬರುತ್ತಾನೆ. ಅದು ಎಂಥ ಕೆಲಸ ಎಂದು ನನ್ನ ಗಂಡ ಕೇಳಿದ್ದೂ ಇಲ್ಲ, ಅವನು ಬಿಡಿಸಿ ಹೇಳಿದ್ದೂ ಇಲ್ಲ.

ಅವ್ವ ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಕಡೆಯವಳು. ಕುರಿ ಸಾಕುವ ಮನೆತನ. ಮದುವೆಯಾಗುವವರೆಗೂ ಕುರಿಗಳ ಹಿಂದೆಯೇ ತಿರುಗಿದವಳು. ಅಪ್ಪ ಹೋದ ಮೇಲೆ ನನ್ನ ಗಂಡನೇ ಹಟ ಹಿಡಿದು ಅವಳನ್ನು ಇಲ್ಲಿಗೆ ಕರೆತಂದರು. ಟಿವಿಯ ಧಾರಾವಾಹಿ ಅವಳಿಗೆ ಸೇರುವುದಿಲ್ಲ. "ಬರೇ ಅಳೋದು, ಬರೇ ಹೊಂಚು ಹಾಕೋದು" ಎಂದು ಎದ್ದು ಹೋಗುತ್ತಾಳೆ.

ಹರಪನಹಳ್ಳಿಯಲ್ಲಿ ನನ್ನ ಅಕ್ಕನ ಸೀರೆ ಅಂಗಡಿ ಇದೆ. ಒಮ್ಮೆ ಅವ್ವ ಅಲ್ಲಿಗೆ ಹೋಗಿ ಒಂದಷ್ಟು ದಿನ ಇದ್ದು ಬಂದಳು. ಅಕ್ಕ ಆಗ ತಾನೇ ತನ್ನ ಟಿವಿಗೆ ಒಂದು ದುಬಾರಿ ಸ್ಟ್ರೀಮಿಂಗ್ ಪ್ಲೇಯರ್ ಕೊಂಡಿದ್ದಳು. ಇಂಟರ್ನೆಟ್ಟಿನಿಂದ ಚಿತ್ರ ಎಳೆದು ಟಿವಿಗೆ ಕೊಡುವ ಕರೀ ಪೆಟ್ಟಿಗೆ ಅದು. ಅದರಲ್ಲಿ ಏನನ್ನೋ ಹುಡುಕುವಾಗ ಯಾವುದೋ ತಂಪು ದೇಶದ ಕುರಿಗಾರರ ಕಾರ್ಯಕ್ರಮ ಬಂದಿದೆ. ಹಸಿರು ಗುಡ್ಡ, ನೂರಾರು ಬಿಳೀ ಕುರಿ, ಅವನ್ನು ಸುತ್ತುಗಟ್ಟುವ ಒಂದೇ ಒಂದು ನಾಯಿ. ಅವ್ವ ಬಾಯಿ ಬಿಟ್ಟುಕೊಂಡು ಕೂತುಬಿಟ್ಟಳಂತೆ. ಕೂಡ್ಲಿಗಿಗೆ ವಾಪಸ್ ಬಂದ ಮೇಲೆ ಅದೇ ಮಾತು.

"ಆ ನಾಯಿ ಏನು ಅಂತೀಯವಾ! ಅವ ಬಾಯಾಗ ಸಿಳ್ಳಿ ಹಾಕ್ತಾನ, ಅದು ಎಡಕ್ಕ ಹೊಳ್ಳತೈತಿ. ಮತ್ತೊಂದು ಸಿಳ್ಳಿ, ಬಲಕ್ಕ ಹೊಳ್ಳತೈತಿ. ನಮ್ಮಪ್ಪ ಕಲ್ಲು ಒಗದು ಒಗದು ರಟ್ಟಿ ಕಳಕೊಂಡ. ನಮಗೂ ಒಂದು ಅಂಥಾ ಪೆಟ್ಟಿಗಿ ತರ್ರಿ."

ಮೈದುನ ಫೋನಿನಲ್ಲಿ ಬೆಲೆ ನೋಡಿ ಹೇಳಿದ. ಅವ್ವ ತಲೆಯ ಮೇಲೆ ಕೈ ಹೊತ್ತಳು. ಅದೇ ಕೆಲಸ ಮಾಡುವ ಸಾದಾ ಪ್ಲೇಯರ್ ಅದರ ಕಾಲು ಭಾಗಕ್ಕೆ ಸಿಗುತ್ತದೆ, ಒಳ್ಳೆಯ ಕಂಪನಿಯದೇ ಸಿಗುತ್ತದೆ ಎಂದೂ ಅವನು ಹೇಳಿದ. ಯಾವುದು ತರುವುದು ಎಂಬುದರ ಮೇಲೆ ಊಟದ ಹೊತ್ತಿಗೆಲ್ಲ ಚರ್ಚೆ. ಗಂಡ "ನೋಡೋಣ, ನೋಡೋಣ" ಎನ್ನುತ್ತ ಕಾಲ ತಳ್ಳಿದರು.

ಅಷ್ಟರಲ್ಲಿ ಅವ್ವನೇ ಮುಗಿಸಿಬಿಟ್ಟಳು. ಯಾರದೋ ಮನೆಯ ನಾಮಕರಣಕ್ಕೆಂದು ಅವ್ವ, ನಾನು ಇಬ್ಬರೂ ಕೊಟ್ಟೂರಿಗೆ ಹೋಗಿದ್ದೆವು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ವ್ಯಾನು ನಿಲ್ಲಿಸಿಕೊಂಡು ಒಬ್ಬಾತ ಇಯರ್‌ಫೋನು, ಚಾರ್ಜರು, ಟಾರ್ಚು ಹರವಿಕೊಂಡಿದ್ದ. ನಾನು ಬಾಳೆಹಣ್ಣು ಕೊಂಡು ಬರುವಷ್ಟರಲ್ಲಿ ಅವ್ವ ಅವನ ಮುಂದೆ ನಿಂತು ಚೌಕಾಸಿ ಮಾಡುತ್ತಿದ್ದಳು.

"ತಿಂಗಳಾ ತಿಂಗಳಾ ರೊಕ್ಕ ಕಟ್ಟಂಗಿಲ್ಲ ಅಂತಿ?"

"ಇಲ್ಲಬೇ. ಒಂದು ಸಲ ಒಯ್ದರ ಜೀವನಪೂರ್ತಿ ಎಲ್ಲಾ ಪುಕ್ಕಟಿ. ಸಿನಿಮಾ, ಕ್ರಿಕೆಟ್ಟು, ದೇವರ ಹಾಡು, ಏನ್ ಬೇಕು ಅದು."

"ಕುರಿ ಬರ್ತಾವೇನು?"

ಅವನು ಒಂದು ಗಳಿಗೆ ತಡೆದು, "ಕುರಿ ಬರ್ತಾವ, ಆನಿ ಬರ್ತಾವ, ಹುಲಿ ಬರ್ತಾವ" ಎಂದ.

ಪೆಟ್ಟಿಗೆಯ ಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ. ಬರೀ ಒಂದಷ್ಟು ಅಂಕಿ, ಒಂದು ಬೆಂಕಿಯ ಚಿತ್ರ. ಅವ್ವ ಅದನ್ನು ಬಾಳೆಹಣ್ಣಿನ ಚೀಲದಲ್ಲಿ ಮುಚ್ಚಿಟ್ಟುಕೊಂಡು, ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದಳು.

ಸುಳ್ಳು ಹೇಳಬಾರದು, ಪೆಟ್ಟಿಗೆ ಕೆಲಸ ಮಾಡಿತು. ಮೈದುನ ಒಲ್ಲದ ಮನಸ್ಸಿನಿಂದಲೇ ಜೋಡಿಸಿ ಕೊಟ್ಟ. ಕುರಿ ಬಂದವು, ನಾಯಿ ಬಂತು, ಎಲ್ಲವೂ ಬಂತು. ಒಮ್ಮೊಮ್ಮೆ ಚಿತ್ರ ನಿಂತುಬಿಡುತ್ತಿತ್ತು, ನಡುನಡುವೆ ಅರ್ಥವಾಗದ ಭಾಷೆಯ ಜಾಹೀರಾತು ತೂರಿಕೊಳ್ಳುತ್ತಿತ್ತು. ಅವ್ವನಿಗೆ ಅದರ ಚಿಂತೆಯಿಲ್ಲ. ಬೆಳಗಿನ ಕೆಲಸ ಮುಗಿಸಿ ಟಿವಿ ಮುಂದೆ ಕೂತು ಪರದೇಶದ ಕುರಿಗಾರರಿಗೆ ಬುದ್ಧಿ ಹೇಳುವಳು. "ಅಲ್ಲೋ ತಮ್ಮಾ, ಆ ಮರಿ ಕುಂಟ್ತೈತಿ ನೋಡು, ಗೊರಸು ನೋಡು ಮೊದ್ಲು." ನಮ್ಮ ಮನೆಯ ಬೆಕ್ಕು ಟಿವಿ ಮೇಜಿನ ಮೇಲೆ ಆ ಪೆಟ್ಟಿಗೆಗೆ ಹೊಟ್ಟೆ ಆನಿಸಿ ಮಲಗುವ ರೂಢಿ ಮಾಡಿಕೊಂಡಿತು.

ಅಕ್ಕ ಒಮ್ಮೆ ಬಂದವಳು ಆ ಪೆಟ್ಟಿಗೆಯನ್ನು ಎರಡು ಬೆರಳಲ್ಲಿ ಎತ್ತಿ, ತೂಕ ನೋಡಿ, ಕೆಳಗಿಟ್ಟಳು. ಸೀರೆಯ ಅಂಚನ್ನು ಉಜ್ಜಿ ನೋಡಿದ ಹಾಗೆ ಅದರ ಅಂಚನ್ನೂ ಉಜ್ಜಿದಳು.

"ಇದು ಯಾರು ಮಾಡಿದ್ದು ಅಂತನಾದ್ರೂ ಬರ್ದೈತೇನವ್ವಾ?"

"ಯಾರರ ಮಾಡಲಿ. ನಿನ್ನ ಪೆಟ್ಟಿಗ್ಯಾಗೂ ಅದೇ ನಾಯಿ, ನನ್ನ ಪೆಟ್ಟಿಗ್ಯಾಗೂ ಅದೇ ನಾಯಿ. ನಿಂದೇನು ಎರಡು ಸಲ ಬೊಗಳತೈತೇನು?"

ನಾವೆಲ್ಲ ನಕ್ಕೆವು. ಅಕ್ಕ ನಗಲಿಲ್ಲ. "ನನ್ನದರಲ್ಲಿ ಏನಾದ್ರೂ ಕೆಟ್ರೆ ಕೇಳೋಕೆ ಒಂದು ಬಾಗಿಲೈತೆ. ಇದಕ್ಕೆ ಯಾರನ್ನ ಕೇಳ್ತೀ? ಆ ವ್ಯಾನು ಈಗ ಎಲ್ಲೈತೋ" ಎಂದಳು. ದುಡ್ಡಿನ ಜಂಬ ಎಂದು ನನಗೆ ಆಗ ಅನ್ನಿಸಿತು. ನನ್ನ ಗಂಡನಿಗೂ ಹಾಗೇ ಅನ್ನಿಸಿತು.

ಆ ದಿನಗಳಲ್ಲೇ ಮನೆಯ ಇಂಟರ್ನೆಟ್ಟು ಮಂದವಾಗತೊಡಗಿತು. ಮೈದುನ ಮಾಳಿಗೆಯಿಂದ ಇಳಿದು ಬಂದು ಗೊಣಗುತ್ತಿದ್ದ. ಕೇಬಲ್ಲಿನವರು ಬಂದು ವಯರು ಬದಲಿಸಿ ಹೋದರು. ಎರಡು ದಿನ ಸರಿಹೋಗಿ ಮತ್ತೆ ಅದೇ. ಯಾರಿಗೂ ಆ ಪೆಟ್ಟಿಗೆಯ ಕಡೆ ಗಮನ ಹೋಗಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಮಧ್ಯಾಹ್ನ ಅಂಗಡಿಯ ಮುಂದೆ ಜೀಪು ನಿಂತಿತು. ಮಫ್ತಿಯಲ್ಲಿದ್ದ ಒಬ್ಬ ಹೆಂಗಸು, ಹಿಂದೆ ಇಬ್ಬರು ಗಂಡಸರು. ಆ ಹೆಂಗಸು ಗುರುತಿನ ಚೀಟಿ ತೋರಿಸಿದರು. ಜಿಲ್ಲಾ ಕೇಂದ್ರದಿಂದ ಬಂದ ಸೈಬರ್ ಪೊಲೀಸರು. ನನ್ನ ಗಂಡ ಔಷಧದ ತಪಾಸಣೆ ಇರಬೇಕೆಂದುಕೊಂಡು ಆಗಲೇ ಬೀರುವಿನ ಕೀಲಿ ತೆಗೆಯುತ್ತಿದ್ದರು.

"ಅದೇನೂ ಬ್ಯಾಡ್ರಿ" ಎಂದರು ಅಧಿಕಾರಿ. "ನಿಮ್ಮ ಮನಿ ಇಂಟರ್ನೆಟ್ ಯಾರ ಹೆಸರಿಗೈತಿ?"

"ನನ್ನ ಹೆಸರಿಗೇ ಐತ್ರಿ. ಯಾಕ್ರಿ?"

"ಶಟರ್ ಎಳೀರಿ. ಒಳಗ ಕುಂತು ಮಾತಾಡೋಣು."

ಹಗಲು ಹೊತ್ತಿನಲ್ಲಿ ನಮ್ಮ ಶಟರ್ ಇಳಿದದ್ದು ಎದುರಿನ ಬೇಕರಿಯವರಿಗೆ, ಪಕ್ಕದ ಗೊಬ್ಬರದಂಗಡಿಯವರಿಗೆ ಎಲ್ಲರಿಗೂ ಕಂಡಿತು. ಜೀಪೂ ಕಂಡಿತು. ನನ್ನ ಕೈಯಲ್ಲಿ ಯಾರೋ ಗಿರಾಕಿಗೆ ಕೊಡಬೇಕಾದ ಮಾತ್ರೆಯ ಪಟ್ಟಿ ಹಾಗೇ ಉಳಿದಿತ್ತು.

ನಡುಮನೆಯಲ್ಲಿ ಕೂತು ಆ ಅಧಿಕಾರಿ ವಿಷಯ ಹೇಳಿದರು. ದೂರದ ಯಾವುದೋ ರಾಜ್ಯದಲ್ಲಿ ಒಬ್ಬ ವಯಸ್ಸಾದ ಹೆಂಗಸಿನ ಬ್ಯಾಂಕ್ ಖಾತೆಯನ್ನು ಯಾರೋ ಮೋಸದಿಂದ ತೆರೆದು ಬರಿದು ಮಾಡಿದ್ದಾರೆ. ಯಾವ ಇಂಟರ್ನೆಟ್ ಸಂಪರ್ಕದ ಮೂಲಕ ಒಳಗೆ ಹೋಗಿದ್ದಾರೆ ಎಂದು ಬೆನ್ನು ಹತ್ತಿದರೆ, ಅದು ಬಂದು ನಿಂತದ್ದು ಕೂಡ್ಲಿಗಿಯ ಈ ಮನೆಯಲ್ಲಿ.

ನನಗೆ ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಈ ಮನೆಯಲ್ಲಿ ಎಂದರೆ? ಈ ಗೋಡೆ, ಈ ಕುರ್ಚಿ, ಒಣಹಾಕಿದ ಈ ಹಪ್ಪಳ, ಇದೇ ಮನೆಯೊಳಗಾ? ಗಂಡನ ಮುಖ ಸುಣ್ಣದಂತಾಗಿತ್ತು.

"ಮನ್ಯಾಗ ಕಂಪ್ಯೂಟರ್ ಯಾರು ಬಳಸ್ತಾರ?" ಅಧಿಕಾರಿ ಕೇಳಿದರು.

ಅದೇ ಹೊತ್ತಿಗೆ ಮೈದುನ ಊಟಕ್ಕೆಂದು ಮೆಟ್ಟಿಲು ಇಳಿದು ಬರುತ್ತಿದ್ದ. ಅಪರಿಚಿತರನ್ನು ಕಂಡು ಕೊನೆಯ ಮೆಟ್ಟಿಲಿನ ಮೇಲೆ ನಿಂತ. ನನ್ನ ಗಂಡ ಎದ್ದರು. ಎದ್ದವರು ಅವನ ಕಡೆ ತಿರುಗಿ, ಆ ಮೂವರು ಪೊಲೀಸರ ಎದುರಿಗೆ, ಕೇಳಿದರು.

"ಲೇ, ನೀನೇನಾರ ಮಾಡೀಯೇನು? ಖರೇ ಹೇಳಿಬಿಡು."

ಪೊಲೀಸರು ಮನೆಗೆ ಬಂದದ್ದಕ್ಕಿಂತ ಆ ಮಾತಿಗೆ ನಾನು ಬೆಚ್ಚಿಬಿದ್ದೆ. ಈತ ಇವರು ಕೈಯಾರೆ ಅನ್ನ ಕಲಸಿ ಉಣ್ಣಿಸಿದ ತಮ್ಮ. ಅವನ ಜ್ವರಕ್ಕೆ ರಾತ್ರಿಯೆಲ್ಲ ಒದ್ದೆ ಬಟ್ಟೆ ಹಾಕಿದವರು ಇವರೇ. ಇವರ ಬಾಯಿಂದ ಇಂಥ ಮಾತು ಇಷ್ಟು ಸಲೀಸಾಗಿ ಹೇಗೆ ಹೊರಟಿತು? ಅವ್ವ "ಅಯ್ಯಯ್ಯೋ, ಏನಂತ ಆಡ್ತೀ ಅಳಿಯಾ" ಎಂದು ಅರ್ಧಕ್ಕೆ ನಿಲ್ಲಿಸಿದಳು. ಮೈದುನ ಅಣ್ಣನನ್ನೇ ನೋಡಿದ. ಸಿಟ್ಟು ಮಾಡಲಿಲ್ಲ, ಇಲ್ಲ ಎನ್ನಲೂ ಇಲ್ಲ. ಮೇಲೆ ಹೋಗಿ ಲ್ಯಾಪ್‌ಟಾಪ್ ತಂದು ಟೀಪಾಯಿಯ ಮೇಲೆ ಇಟ್ಟ. ಜೇಬಿನಿಂದ ಫೋನು ತೆಗೆದು ಅದರ ಪಕ್ಕ ಇಟ್ಟ. ಆಮೇಲೆ ಗೋಡೆಗೆ ಒರಗಿ ನಿಂತ.

ಪೊಲೀಸರು ಬಹಳ ಹೊತ್ತು ಆ ಎರಡನ್ನೇ ಜಾಲಾಡಿದರು. ನಮ್ಮಿಬ್ಬರ ಫೋನುಗಳನ್ನೂ ನೋಡಿದರು. ಏನೂ ಸಿಗಲಿಲ್ಲ. ಹಾಗೆಂದು ಅವರು ಹೊರಡಲೂ ಇಲ್ಲ. ಒಬ್ಬ ಸಿಬ್ಬಂದಿ ಗೋಡೆಯ ಮೇಲಿದ್ದ ಇಂಟರ್ನೆಟ್ ಪೆಟ್ಟಿಗೆಯ ದೀಪಗಳನ್ನೇ ನೋಡುತ್ತ ನಿಂತಿದ್ದವರು, "ಮೇಡಂ, ಎಲ್ಲಾ ಬಂದ್ ಮಾಡೇವಿ. ಆದ್ರೂ ಏನೋ ಓಡಾಕ ಹತ್ತೈತಿ" ಎಂದರು.

ಅಧಿಕಾರಿ ಕೋಣೆಯ ಸುತ್ತ ಕಣ್ಣಾಡಿಸಿದರು. ಟಿವಿ ಮೇಜಿನ ಹತ್ತಿರ ಹೋದರು. ಬೆಕ್ಕು ಎದ್ದು ಮೈಮುರಿದು ಕೆಳಗೆ ಜಿಗಿಯಿತು. ಅವರು ಆ ಪೆಟ್ಟಿಗೆಯ ಮೇಲೆ ಕೈಯಿಟ್ಟು ಥಟ್ಟನೆ ತೆಗೆದರು.

"ಟಿವಿ ಬಂದ್ ಐತಲ್ಲ? ಇದ್ಯಾಕ ಹಿಂಗ ಕಾದೈತಿ?"

"ಅದು ಯಾವಾಗ್ಲೂ ಬೆಚ್ಚಗs ಇರ್ತೈತ್ರಿ" ಎಂದಳು ಅವ್ವ, ಏನೂ ಅರಿಯದೆ. "ಅದಕ್ಕs ಬೆಕ್ಕು ಅಲ್ಲಿ ಮಲಗತೈತಿ."

ಅಧಿಕಾರಿ ಬಗ್ಗಿ ಪೆಟ್ಟಿಗೆಯ ವಯರನ್ನು ಗೋಡೆಯಿಂದ ಕಿತ್ತರು. ಇಂಟರ್ನೆಟ್ ಪೆಟ್ಟಿಗೆಯ ಮೇಲೆ ಅಷ್ಟು ಹೊತ್ತು ಹುಚ್ಚು ಹಿಡಿದಂತೆ ಮಿಣುಕುತ್ತಿದ್ದ ದೀಪ ತಣ್ಣಗಾಯಿತು.

ಎಲ್ಲಿ ಕೊಂಡಿರಿ, ಯಾವಾಗ ಕೊಂಡಿರಿ, ಬಿಲ್ಲು ಇದೆಯಾ ಎಂದೆಲ್ಲ ಕೇಳಿದರು. ಬಿಲ್ಲು ಎಲ್ಲಿಯದು? ವ್ಯಾನಿನವನ ಮುಖ ನೆನಪಿದೆ ಎಂದಳು ಅವ್ವ. ಮೀಸೆ ಇತ್ತೋ ಇಲ್ಲವೋ ಎಂದರೆ ಹೇಳಲಾಗಲಿಲ್ಲ.

ಆಮೇಲೆ ಅಧಿಕಾರಿ ಅವ್ವನ ಪಕ್ಕದಲ್ಲೇ ಕೂತು ನಿಧಾನಕ್ಕೆ ತಿಳಿಸಿ ಹೇಳಿದರು. "ಇಂಥಾ ಹೆಸರಿಲ್ಲದ ಪೆಟ್ಟಿಗಿ ಕೆಲವೊಂದರಾಗ ಮಾರೋಕಿಂತ ಮೊದ್ಲs ಒಂದು ಕಳ್ಳ ಪ್ರೋಗ್ರಾಂ ಹಾಕಿರ್ತಾರಬೇ. ನೀವು ಟಿವಿ ನೋಡ್ರಿ ಬಿಡ್ರಿ, ಅದು ಒಳಗ ಎದ್ದು ಕುಂತಿರ್ತೈತಿ. ನಿಮ್ಮ ಮನಿ ಇಂಟರ್ನೆಟ್ಟನ್ನ ಯಾರ್‍ಯಾರಿಗೋ ಬಾಡಿಗಿ ಕೊಡ್ತಾರ. ಎಲ್ಲೋ ಕುಂತ ಕಳ್ಳ ನಿಮ್ಮ ಮನಿ ಒಳಗಿಂದ ಹಾದು ಹೋಗ್ತಾನ. ನೋಡಿದವರಿಗೆ ನಿಮ್ಮ ಮನಿ ವಿಳಾಸ ಕಾಣ್ತೈತಿ. ಇದೂ ಹಂಗs ಇರಬೇಕು. ಪರೀಕ್ಷಾ ಮಾಡಿಸಿ ನೋಡ್ತೀವಿ."

ಅವ್ವ ಟಿವಿ ಮೇಜಿನ ಕಡೆ ನೋಡಿದಳು. ಆಮೇಲೆ, "ನಾನು ಇಲ್ಲಿ ಕುಂತು ಕುರಿ ನೋಡಾಕ ಹತ್ತಿದ್ದೆ. ಆವಾಗ ಅವ ನನ್ನ ಮಗ್ಗಲದಾಗ ಹಾದು ಹೋಗಾಕ ಹತ್ತಿದ್ನೇನು?" ಎಂದಳು.

"ಹಂಗs ಅನ್ರಿ."

"ಆ ಮುದುಕಿಗೆ ರೊಕ್ಕ ಹೊಳ್ಳಿ ಸಿಕ್ತೇನ್ರಿ?"

ಅಧಿಕಾರಿ ತಲೆಯಾಡಿಸಿದರು. ಸಿಕ್ಕಿತು ಎಂದೋ ಇಲ್ಲ ಎಂದೋ ತಿಳಿಯಲಿಲ್ಲ. ಅವ್ವ ಅವರ ಮೊಣಕೈ ಹಿಡಿದುಕೊಂಡು, "ಆಕಿಗೆ ಹೇಳ್ರಿ, ಇಲ್ಲಿ ಯಾರೂ ಕಳ್ಳರಿಲ್ಲ ಅಂತ" ಎಂದಳು. ಹೇಳುತ್ತೇನೆ ಎಂದರು. ಹೇಳಿದರೋ ಇಲ್ಲವೋ ನಮಗೆ ಇವತ್ತಿಗೂ ಗೊತ್ತಿಲ್ಲ.

ಪೆಟ್ಟಿಗೆಯನ್ನು ಲಕೋಟೆಯಲ್ಲಿ ಹಾಕಿ ಮೊಹರು ಮಾಡಿ ಒಯ್ದರು. ಗಂಡನಿಂದ ಹೇಳಿಕೆ ಬರೆಸಿಕೊಂಡರು. ಮುಂದೆ ಕೆಲವು ವಾರಗಳ ನಂತರ ಫೋನು ಬಂತು. ಅನುಮಾನ ನಿಜವಾಗಿತ್ತು, ನಮ್ಮ ಮೇಲೆ ಏನೂ ಇಲ್ಲ ಎಂದು ಹೇಳಿದರು. ಅಲ್ಲಿಗೆ ಪೊಲೀಸರ ಮಟ್ಟಿಗೆ ಕತೆ ಮುಗಿಯಿತು.

ಮನೆಯಲ್ಲಿ ಮುಗಿದಿರಲಿಲ್ಲ. ಜೀಪು ಹೋದ ಮಾರನೆಯ ದಿನವೇ ಮೈದುನ ಎರಡು ಚೀಲ ಕಟ್ಟಿಕೊಂಡು ಕೆಳಗಿಳಿದ.

"ಅತ್ತಿಗಿ, ಹಡಗಲಿಯಾಗ ನನ್ನ ಗೆಳೆಯಾ ಅದಾನ. ಅಲ್ಲೇ ಒಂದು ರೂಮು ಹಿಡೀತೀನಿ. ಇಂಟರ್ನೆಟ್ ಇದ್ದರಾತು, ನನ್ನ ಕೆಲಸ ಎಲ್ಲ್ಯಾರ ನಡೀತೈತಿ."

"ನಿಮ್ಮಣ್ಣ ಗಾಬರ್‍ಯಾಗ ಅಂದಾರೋ. ಅದನ್ನ ಮನಸ್ಸಿನ್ಯಾಗ ಇಟ್ಕೋಬ್ಯಾಡ" ಎಂದೆ.

"ಅದಕ್ಕಲ್ಲ ಬಿಡ್ರಿ" ಎಂದಷ್ಟೇ ಹೇಳಿದ. ನಾನು ನಂಬಲಿಲ್ಲ. ಗಂಡ ಅಂಗಡಿಯಲ್ಲಿ ಬೆನ್ನು ತಿರುಗಿಸಿಕೊಂಡು ಡಬ್ಬಿಗಳನ್ನು ಜೋಡಿಸುತ್ತಿದ್ದರು. ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಿದ್ದರು. ತಮ್ಮ ಹೊರಗೆ ಹೋಗುವಾಗ ತಡೆಯಲಿಲ್ಲ.

ಅವ್ವ ಟಿವಿಯ ಕಡೆ ಮುಖ ಹಾಕುವುದನ್ನೇ ಬಿಟ್ಟಳು. ಅಕ್ಕ ಹರಪನಹಳ್ಳಿಯಿಂದ ಓಡಿ ಬಂದಳು. ನಾನು ಹೇಳಿರಲಿಲ್ಲವಾ ಎಂದು ಆಡಿ ತೋರಿಸುತ್ತಾಳೆಂದು ನಾನು ಹಲ್ಲು ಕಚ್ಚಿ ಕೂತಿದ್ದೆ. ಅವಳು ಅಂಥ ಒಂದು ಮಾತೂ ಆಡದೆ ಅವ್ವನ ತಲೆಗೆ ಎಣ್ಣೆ ಹಚ್ಚಿ, ಒಗೆಯುವ ಬಟ್ಟೆ ಒಗೆದು, ಸಂಜೆಯ ಬಸ್ಸಿಗೆ ಹೋದಳು.

ಒಂದು ದಿನ ಗಂಡ ಇದ್ದಕ್ಕಿದ್ದಂತೆ ನನ್ನನ್ನು ಹಗರಿಬೊಮ್ಮನಹಳ್ಳಿಯ ದೊಡ್ಡದೊಂದು ಅಂಗಡಿಗೆ ಕರೆದುಕೊಂಡು ಹೋದರು. "ಟಿವಿಗೆ ಹಾಕೋ ಪ್ಲೇಯರು, ಇರೋದರಾಗ ತುಟ್ಟೀದು ಕೊಡ್ರಿ" ಎಂದರು. ಅದರಲ್ಲಿ ಏನೇನಿದೆ ಎಂದು ಅಂಗಡಿಯವರು ಹೇಳಹೊರಟರೆ ಕೇಳುವ ಮನಸ್ಸಿಲ್ಲ. ತುಟ್ಟಿಯಾಗಿದ್ದರೆ ಸಾಕು. ಅವರು ಪ್ಲೇಯರ್ ಕೊಳ್ಳುತ್ತಿಲ್ಲ, ದಂಡ ಕಟ್ಟುತ್ತಿದ್ದಾರೆ ಎಂದು ನನಗೆ ಅನ್ನಿಸಿತು. ಬಿಲ್ಲನ್ನು ಮಾತ್ರ ನಾಲ್ಕು ಮಡಿಕೆ ಮಾಡಿ ಎದೆಯ ಜೇಬಿನಲ್ಲಿ ಇಟ್ಟುಕೊಂಡರು.

ಆ ದುಬಾರಿ ಪ್ಲೇಯರ್ ಈಗಲೂ ನಮ್ಮ ಮನೆಯಲ್ಲಿದೆ. ಅದು ಬೆಲೆಗೆ ತಕ್ಕದ್ದೋ ಅಲ್ಲವೋ ಎಂದು ಅಂಗಡಿಗೆ ಬಂದವರು ಆಗಾಗ ಕೇಳುತ್ತಾರೆ, ಯಾಕೆಂದರೆ ಪೊಲೀಸರು ಬಂದ ಸುದ್ದಿ ಊರಿಗೆಲ್ಲ ಗೊತ್ತು. ಗುಂಡಿ ಒತ್ತಿದ ಕೂಡಲೇ ಚಿತ್ರ ಬರುತ್ತದೆ, ನಡುವೆ ನಿಲ್ಲುವುದಿಲ್ಲ. ರಿಮೋಟ್ ಎಲ್ಲೋ ಬಿದ್ದಿದ್ದರೆ ಪ್ಲೇಯರಿನ ಮೇಲಿನ ಒಂದು ಗುಂಡಿ ಒತ್ತಿದಾಗ ಅದೇ ಕೂಗಿ ಹೇಳುತ್ತದೆ. ಮಾತಿನ ದನಿಯನ್ನಷ್ಟೇ ಎತ್ತರಿಸುವ ಅನುಕೂಲವಿದೆ, ಅದು ಕಿವಿ ಮಂದವಾದವರಿಗೆ ಒಳ್ಳೆಯದು. ಆದರೆ ಚಿತ್ರದ ಹೊಳಪಿಗೆಂದು ಕೊಟ್ಟ ಹೆಚ್ಚಿನ ದುಡ್ಡೆಲ್ಲ ನೀರಿಗೆ ಹೋಯಿತು. ನಮ್ಮ ಹಳೇ ಟಿವಿಗೆ ಅಷ್ಟು ಹೊಳಪು ತೋರಿಸುವ ಶಕ್ತಿಯೇ ಇಲ್ಲ. ಅದರಲ್ಲಿರುವ ಆಟಗಳನ್ನು ಆಡುವವರು ನಮ್ಮಲ್ಲಿ ಯಾರೂ ಇಲ್ಲ. ಆಗ ಮೈದುನ ಹೇಳಿದ್ದ ಸಾದಾ ಪ್ಲೇಯರ್ ತಂದಿದ್ದರೂ ನಮ್ಮ ಮನೆಗೆ ಧಾರಾಳವಾಗಿ ಸಾಕಾಗುತ್ತಿತ್ತು. ಹಾಗಾಗಿ ಕೇಳಿದವರಿಗೆ ಹೇಳುತ್ತೇನೆ: ಟಿವಿ ದೊಡ್ಡದಿದ್ದು ಹೊಸದಾಗಿದ್ದರೆ ತುಟ್ಟಿಯದು ತಗೊಳ್ಳಿ, ಇಲ್ಲದಿದ್ದರೆ ಬೇಡ. ಆದರೆ ಹೆಸರಿಲ್ಲದ್ದು, ಎಲ್ಲವೂ ಪುಕ್ಕಟೆ ಎನ್ನುವುದು, ಅದನ್ನು ಯಾರಾದರೂ ಸುಮ್ಮನೆ ಕೊಟ್ಟರೂ ಮನೆಯೊಳಗೆ ತರಬೇಡಿ.

ಹೊಸ ಪ್ಲೇಯರ್ ಬಂದರೂ ಅವ್ವ ಅದನ್ನು ಮುಟ್ಟಲಿಲ್ಲ. ಊಟದಲ್ಲಿ ಮೂರೇ ತಟ್ಟೆ. ಗಂಡ ಮಾಳಿಗೆಯ ಮೆಟ್ಟಿಲ ಕಡೆ ಕಣ್ಣು ಹಾಯಿಸಿ, ಮತ್ತೆ ತಟ್ಟೆ ನೋಡುವರು. ನನಗೆ ತಡೆಯಲಾಗಲಿಲ್ಲ. ಅಂಗಡಿಗೆ ಅವರನ್ನು ಬಿಟ್ಟು, ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಒಬ್ಬಳೇ ಹಡಗಲಿಗೆ ಹೊರಟೆ.

ಮೈದುನನ ರೂಮು ಹೂವಿನ ವ್ಯಾಪಾರಿಗಳ ಓಣಿಯಲ್ಲಿ. ಕೆಳಗೆ ಹೆಂಗಸರು ಮಲ್ಲಿಗೆ ಮೊಗ್ಗಿನ ರಾಶಿಯ ಸುತ್ತ ಕೂತು ಮಾಲೆ ಕಟ್ಟುತ್ತಿದ್ದರು. ಮೆಟ್ಟಿಲು ಹತ್ತಿ ಹೋದರೆ ಅವನು ಗಡ್ಡ ಬಿಟ್ಟುಕೊಂಡು ಅದೇ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ನನ್ನನ್ನು ಕಂಡು ಗಡಬಡಿಸಿ ಎದ್ದು ಹಾಸಿಗೆ ಮಡಚಿದ. ರೊಟ್ಟಿ ತಿಂದ. ಅವ್ವ ಹೇಗಿದ್ದಾಳೆ ಎಂದು ಕೇಳಿದ. ಅಣ್ಣನನ್ನು ಮಾತ್ರ ಕೇಳಲಿಲ್ಲ.

ನಾನು ಸಿಟ್ಟಿನಿಂದಲೇ ಹೇಳಿದೆ. "ಎಷ್ಟಂತ ಮನಸ್ಸಿನ್ಯಾಗ ಇಟ್ಕೋತೀ? ಅಣ್ಣ ಒಂದು ಮಾತು ಅಂದ್ರು, ಹೌದು. ಅಂದದ್ದು ತಪ್ಪೇ. ಹಂಗಂತ ಅವರ ಮಾರಿ ನೋಡಬಾರದೇನು?"

ಅವನು ಕೈ ತೊಳೆದು ಬಂದು ಕಿಟಕಿಯ ಹತ್ತಿರ ನಿಂತ.

"ಅಣ್ಣ ಅಂದದ್ದಕ್ಕಲ್ಲ ಅಂತ ಅವತ್ತs ಹೇಳಿದ್ನಲ್ಲ ಅತ್ತಿಗಿ."

"ಮತ್ತ ಯಾಕ?"

"ನಾನು ಊಟಕ್ಕಂತ ಇಳದು ಬಂದೆ ಅಂತ ನೀವು ತಿಳಕೊಂಡೀರಿ. ನಾನು ಮ್ಯಾಲಿನ ಮೆಟ್ಟಿಲ ಹತ್ರ ನಿಂತು ಎಲ್ಲಾ ಕೇಳಿದ್ದೆ. ಪೊಲೀಸರು ಆ ಮಾತು ಹೇಳಿದ ಕೂಡಲೇ ನನಗ ಮೊದಲು ಅಣ್ಣನ ಮ್ಯಾಲೆ ಅನುಮಾನ ಬಂತು."

ರೊಟ್ಟಿ ಕಟ್ಟಿದ ಬಟ್ಟೆ ಮಡಚುತ್ತಿದ್ದ ನಾನು ಅವನ ಕಡೆ ತಿರುಗಿದೆ.

"ಹೊಸ ಅಂಗಡಿ ಎರಡು ಬಂದ ಮ್ಯಾಲೆ ವ್ಯಾಪಾರ ಕಡಿಮಿ ಆಗೈತಿ ಅಂತ ಅಣ್ಣ ಒಳಗs ಕೊರಗ್ತಿದ್ದ. ಬಾಯಿ ಬಿಟ್ಟು ಹೇಳ್ತಿರಲಿಲ್ಲ. ಫೋನ್ ಬಂದ್ರ ಎದ್ದು ಹೊರಗ ಹೋಗ್ತಿದ್ದ. ಯಾರ ಮಾತರ ಕೇಳಿ ಏನರ ಮಾಡಿಬಿಟ್ಟಾನ ಅಂತ ನನಗ ಖಾತ್ರಿ ಆಗಿಬಿಡ್ತು. ಮೆಟ್ಟಿಲು ಇಳೀತಾ ಅದs ವಿಚಾರ ಮಾಡ್ತಿದ್ದೆ. ಅಣ್ಣನ್ನ ಹೆಂಗ ಉಳಿಸಲಿ, ನಾನs ಮಾಡೀನಿ ಅಂತ ಹೇಳಿಬಿಡಲೇನು ಅಂತ. ಅಷ್ಟರಾಗ ಅಣ್ಣ ನನ್ನ ಕೇಳಿದ." ಅವನು ಕಿಟಕಿಯ ಸರಳು ಹಿಡಿದುಕೊಂಡ. "ನನ್ನ ಸಾಕಿದವನನ್ನ ಒಂದು ಗಳಿಗಿನ್ಯಾಗ ಕಳ್ಳ ಅಂದುಕೊಂಡೆ, ಅತ್ತಿಗಿ. ಅವನ ಎದುರಿಗೆ ಕುಂತು ಹೆಂಗ ಉಣ್ಣಲಿ?"

ಒಂದೇ ಮನೆಯಲ್ಲಿ, ಒಂದೇ ಗಳಿಗೆಯಲ್ಲಿ, ಅಣ್ಣ ತಮ್ಮನನ್ನೂ ತಮ್ಮ ಅಣ್ಣನನ್ನೂ ಕಳ್ಳನೆಂದು ನಂಬಿದ್ದರು. ನಡುವೆ ನಿಂತಿದ್ದ ನನಗೆ ಅದರ ಅರ್ಧ ಮಾತ್ರ ಕಂಡಿತ್ತು. ಕೆಳಗಿನಿಂದ ಹೂವಿನ ಹೆಂಗಸರ ನಗು ಕೇಳುತ್ತಿತ್ತು. ಕಡೆಗೆ, "ಇದನ್ನ ನಾನು ಹೇಳಂಗಿಲ್ಲ. ನೀನs ಬಂದು ನಿಮ್ಮಣ್ಣಗ ಹೇಳು" ಎಂದು ಎದ್ದು ಬಂದೆ.

ಅವನು ಬರುತ್ತಾನೆಂಬ ಭರವಸೆ ನನಗಿರಲಿಲ್ಲ. ಆದರೆ ಮುಂದಿನ ಭಾನುವಾರ ಬಂದ. ಗಡ್ಡ ತೆಗೆಸಿದ್ದ, ಅವ್ವನಿಗೆಂದು ಒಂದು ಮೊಳ ಮಲ್ಲಿಗೆ ತಂದಿದ್ದ. ಅವ್ವ ನಾನ್ಯಾಕೆ ಮುಡಿಯಲಿ ಎಂದು ದೇವರಿಗೆ ಏರಿಸಿದಳು. ಊಟಕ್ಕೆ ಕೂತಾಗ ಅಣ್ಣನ ಮುಖ ನೋಡದೆ, ತಟ್ಟೆಯನ್ನೇ ನೋಡುತ್ತ, ನನಗೆ ಹೇಳಿದ್ದನ್ನೆಲ್ಲ ಹೇಳಿದ.

ನನ್ನ ಗಂಡನ ಕೈ ಅರ್ಧಕ್ಕೆ ನಿಂತಿತು. "ನನ್ನ ಮ್ಯಾಲಾ?" ಎಂದರು. ನಂಬಲಾಗದವರಂತೆ ನನ್ನ ಕಡೆ, ಅವ್ವನ ಕಡೆ ನೋಡಿದರು. "ನನ್ನ ಮ್ಯಾಲೇನಲೇ?"

"ಹೂಂ."

ಗಂಡ ನಗತೊಡಗಿದರು. "ನಾನು ಕಳ್ಳ! ಇಂಟರ್ನೆಟ್ಟಿನ ಪಾಸ್‌ವರ್ಡ್ ಗೊತ್ತಿಲ್ಲದ ಕಳ್ಳ! ಲೇ, ನನಗ ಫೋನಿನ್ಯಾಗ ಒಂದು ಫೋಟೋ ಕಳಸಾಕ ಬರಂಗಿಲ್ಲ, ನಾನು ಬ್ಯಾಂಕು ಒಡೀತೀನೇನು?" ಕೆಮ್ಮು ಹತ್ತುವ ತನಕ ನಕ್ಕರು. ಅವ್ವನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗುತ್ತಿದ್ದಂತೆಯೇ ಗಂಡನ ಮುಖ ಬದಲಾಯಿತು, ಎಡಗೈಯಿಂದ ಕಣ್ಣು ಒರೆಸಿಕೊಂಡರು. "ನಾನು ಕೇಳಬಾರದಿತ್ತು. ಅವರ ಮುಂದ ಕೇಳಬಾರದಿತ್ತು" ಎಂದರು. ನಾನು ಇಬ್ಬರ ತಟ್ಟೆಗೂ ಅನ್ನ ಬಡಿಸಿದೆ.

ಅವನು ಕೂಡ್ಲಿಗಿಗೆ ವಾಪಸ್ ಬಂದು ನೆಲೆಸಲಿಲ್ಲ. ಹಡಗಲಿಯ ರೂಮು ಹಾಗೇ ಇಟ್ಟುಕೊಂಡಿದ್ದಾನೆ. ಅಲ್ಲಿ ಕೆಲಸ ಚೆನ್ನಾಗಿ ಸಾಗುತ್ತದೆ ಎನ್ನುತ್ತಾನೆ, ನಾವೂ ಹೌದು ಎನ್ನುತ್ತೇವೆ. ಶನಿವಾರ ಬರುತ್ತಾನೆ, ಭಾನುವಾರ ಸಂಜೆ ಹೋಗುತ್ತಾನೆ. ಮೊದಲಿನ ಹಾಗೆ ಇಬ್ಬರೂ ಬೈದಾಡುವುದಿಲ್ಲ. ಸ್ವಲ್ಪ ಹುಷಾರಾಗಿ ಮಾತಾಡುತ್ತಾರೆ, ಬೇನೆಯಿಂದ ಎದ್ದವರು ಹುಷಾರಾಗಿ ನಡೆದ ಹಾಗೆ. ಅವ್ವ ಮಾತ್ರ ಮತ್ತೆ ಟಿವಿ ಮುಂದೆ ಕೂರತೊಡಗಿದ್ದಾಳೆ. ನೋಡಿ ಮುಗಿದ ಕೂಡಲೇ ಗೋಡೆಯ ಸ್ವಿಚ್ಚನ್ನು ತಾನೇ ಆರಿಸಿ, ಆರಿದೆಯೋ ಇಲ್ಲವೋ ಎಂದು ಪ್ಲೇಯರನ್ನು ಮುಟ್ಟಿ ನೋಡುತ್ತಾಳೆ.

ಆ ಮೊದಲ ಭಾನುವಾರದಂದು ಊಟವಾದ ಮೇಲೆ ಮೈದುನ ಇಂಟರ್ನೆಟ್ಟಿನ ಪಾಸ್‌ವರ್ಡ್ ಬದಲಿಸುತ್ತೇನೆಂದು ಗೋಡೆಯ ಹತ್ತಿರ ಕುರ್ಚಿ ಎಳೆದುಕೊಂಡ. ಗಂಡ ತಾವೂ ಒಂದು ಕುರ್ಚಿ ತಂದು ಪಕ್ಕಕ್ಕೆ ಹಾಕಿಕೊಂಡರು. ಕನ್ನಡಕ ಏರಿಸಿಕೊಂಡು, "ಈ ಸಲ ನನಗೂ ತೋರ್ಸು. ಈ ದೀಪ ಯಾಕ ಮಿಣುಕತೈತಿ?" ಎಂದರು.

"ಅದು ನಿನ್ನ ಫೋನು ಅಣ್ಣ."

"ಇದು?"

"ಇದು ಕೇಬಲ್ಲಿಂದ ಬರೋದು."

ನಾನು ಒಳಗಿನಿಂದ ಗಡಿಯಾರ ನೋಡಿ, ಹಡಗಲಿಯ ಐದರ ಬಸ್ಸು ಹೋಯಿತಲ್ಲ ಎಂದು ಕೂಗಿ ಹೇಳಿದೆ.

"ಹೋಗ್ಲಿ ಬಿಡು" ಎಂದರು ನನ್ನ ಗಂಡ, ತಿರುಗಿಯೂ ನೋಡದೆ. "ಮೂರನೇದು ಯಾವುದು, ಅದನ್ನ ಹೇಳು."